ಬೊಂಬಾಯಿ ಗಿಟಾರು

“ಇದರ ಬ್ರೇಕಿನ ರಾಡ್ ಎಲ್ಲಿಗೆ ಹೋಯ್ತು?”

ಮುಂಡಪ್ಪ ಯಾರನ್ನೂ ನೋಡದೆ ಕೇಳಿದ. ತಮ್ಮ ಶೀನಪ್ಪನ ಹೆಣವನ್ನು ಮಲಗಿಸಲು ಜಗಲಿಯಲ್ಲಿ ಜಾಗ ಮಾಡಬೇಕಿತ್ತು. ಗೋಡೆಗೆ ಒರಗಿಸಿದ್ದ ಹಳೇ ಸೈಕಲನ್ನು ಅಂಗಳಕ್ಕೆ ಇಳಿಸುವಾಗ ಅದು ಅವನ ಕೈ ಮೀರಿ ಮುಂದಕ್ಕೋಡಿತ್ತು. ಬ್ರೇಕ್ ಒತ್ತಿದರೆ ಬರೀ ಹಿಡಿ ಅಲ್ಲಾಡಿತು.

“ಪುಂಜಾಲಕಟ್ಟೆಯವರ ಸೈಕಲ್ ಎಲ್ಲ ರಿಪೇರಿ ಮಾಡಿದ, ತನ್ನದಕ್ಕೇ ಬ್ರೇಕ್ ಇಲ್ಲ,” ಎಂದ ಪಕ್ಕದ ಚಹಾದಂಗಡಿಯ ಮೊಯ್ದೀನ್. “ಅದಕ್ಕೇ ಇಷ್ಟು ಬೇಗ ಹೋದದ್ದು ಮಾರಾಯ.” ಹೇಳಿ ಮುಗಿಸುವಷ್ಟರಲ್ಲಿ ಅವನ ಕಣ್ಣು ತುಂಬಿತ್ತು. ಹೆಗಲ ಟವೆಲಿನಲ್ಲಿ ಮುಖ ಒರೆಸಿಕೊಂಡ.

ಒಳಗೆ ಬಾಳೆಲೆ ಒರೆಸುತ್ತಿದ್ದ ಶೀನಪ್ಪನ ಹೆಂಡತಿ ಜಲಜಾಕ್ಷಿಗೆ ರಾಡ್ ಎಲ್ಲಿದೆಯೆಂದು ಗೊತ್ತಿತ್ತು. ಇನ್ನೊಂದು ಎಲೆ ಎಳೆದುಕೊಂಡಳು.

ಗುಡ್ಡೆಯ ಕಡೆಯಿಂದ ಚಿತೆಗೆ ಮಾವಿನ ಮರ ಕಡಿಯುವ ಸದ್ದು ಕೇಳುತ್ತಿತ್ತು. ಸ್ನಾನ ಮಾಡಿಸಿ, ತಲೆ ತೆಂಕಿಗೆ ಮಾಡಿ ಮಲಗಿಸಿದರು. ಬಂಧುಗಳು ಒಬ್ಬೊಬ್ಬರಾಗಿ ಬಂದು, ಗಿಂಡಿಯಿಂದ ತುಳಸಿ ನೀರನ್ನು ಸತ್ತವನ ಬಾಯಿಗೆ ಬಿಟ್ಟರು.

“ಶನಿವಾರ ಪುರಾಣ ಓದುವಾಗ ಕಂಬಕ್ಕೆ ಒರಗಿ ಕಣ್ಣು ಮುಚ್ತಿದ್ದ,” ಎಂದಳು ನೆರೆಮನೆಯ ಸೇಸಮ್ಮ. “ನಿದ್ದೆ ಅಂತ ನಾವು ನಗಾಡುವುದು. ಓದುವವರು ಒಂದು ಪದ ಬಿಟ್ಟರೆ ಸಾಕು, ಕಣ್ಣು ತೆರೆದು ನೋಡುವುದು. ಬಾಯಿ ಬಿಟ್ಟು ಹೇಳಿದವನಲ್ಲ.”

“ಇನ್ನು ಎತ್ತುವಾ?” ಮುಂಡಪ್ಪ ಕೇಳಿದ.

“ಸ್ವಲ್ಪ ತಡೀರಿ ಭಾವ. ಲೋಕನಾಥ ಬರಬೇಕು,” ಎಂದಳು ಒಳಗಿಂದ ಬಂದ ಜಲಜಾಕ್ಷಿ.

“ಆ ಆರ್ಕೆಸ್ಟ್ರಾದವನಾ? ಮೂಡುಬಿದಿರೆಯಿಂದ ಅವ ಯಾಕೆ ಬರ್ತಾನೆ ಇಲ್ಲಿಗೆ?”

“ಜನ ಕಳಿಸಿದ್ದೇನೆ. ಅವನ ಕೈಯಿಂದಲೂ ಒಂದು ತೊಟ್ಟು ನೀರು ಬಿಡಿಸು ಅಂತ ಇವರು ಹೇಳಿಯೇ ಹೋದದ್ದು.” ಅವಳು ಸೆರಗು ಸರಿಮಾಡಿಕೊಂಡಳು. “ಅವನ ಬಾಯಿಯಿಂದ ಒಂದು ಮಾತೂ ಬರಲಿಕ್ಕುಂಟು. ಇವರಿಗೆ ಕೇಳದಿದ್ದರೂ, ನೀವು ನಾಲ್ಕು ಜನ ಕೇಳಬೇಕು.”

*

ಎಷ್ಟೋ ವರ್ಷಗಳ ಹಿಂದೆ, ಶೀನಪ್ಪನ ಸೈಕಲ್ ಅಂಗಡಿಗೆ ಬರುತ್ತಿದ್ದ ಲೋಕನಾಥನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಮಂಗಳೂರಿನಲ್ಲಿ ಕಂಡ ಗಿಟಾರಿನ ಮೇಲೆ ಅವನಿಗೆ ಹುಚ್ಚು. ಆದರೆ ಅದರ ಉದ್ದದ ಕುತ್ತಿಗೆಗೆ ಅವನ ಬೆರಳು ಎಟಕುತ್ತಿರಲಿಲ್ಲ. ಶೀನಪ್ಪ ಹಲಸಿನ ಹಲಗೆಯಿಂದ ಅವನಿಗೆ ಸರಿಹೊಂದುವ ಗಿಡ್ಡ ಕುತ್ತಿಗೆಯದ್ದೊಂದನ್ನು ಕೆತ್ತಿದ. ಸೈಕಲ್ ಡೈನಮೋದ ಅಯಸ್ಕಾಂತಕ್ಕೆ ತಂತಿ ಸುತ್ತಿ, ಮೈಕಿನ ಪೆಟ್ಟಿಗೆಗೆ ಜೋಡಿಸಿದಾಗ ಸ್ವರ ಬಂತು.

ಮಳೆಗಾಲ ಹಿಡಿದದ್ದೇ ಉಕ್ಕಿನ ತಂತಿಗಳ ಎಳೆತಕ್ಕೆ ಕುತ್ತಿಗೆ ಬಿಲ್ಲಿನ ಹಾಗೆ ಬಾಗಿತು. ತಂತಿಗಳು ಮೇಲೆದ್ದು ನಿಂತವು. ಒತ್ತಿ ಒತ್ತಿ ಲೋಕನಾಥನ ಬೆರಳ ತುದಿ ಒಡೆಯಿತು.

“ಇದಕ್ಕೊಂದು ಬೆನ್ನೆಲುಬು ಬೇಕು,” ಎಂದು ಶೀನಪ್ಪ ತನ್ನ ಸೈಕಲಿನ ಬ್ರೇಕಿನ ರಾಡನ್ನೇ ಬಿಚ್ಚಿದ. ಒಳ್ಳೆಯ ಉಕ್ಕು, ತುದಿಗೆ ನಟ್ಟು ಹತ್ತುವ ತಿರುಪು ಇತ್ತು, ಉದ್ದವೂ ಸರಿಯಾಗಿತ್ತು. ಬೆರಳೊತ್ತುವ ಪಟ್ಟಿಯನ್ನು ಎಬ್ಬಿಸಿ, ಅದರಡಿಯಲ್ಲಿ ಉಳಿಯಿಂದ ಕಾಲುವೆ ತೆಗೆದು, ರಾಡನ್ನು ಸೇತುವೆಯ ಕಮಾನಿನಂತೆ ನಡು ಮೇಲೆ ಮಾಡಿ ಕೂರಿಸಿದ. ನಟ್ಟು ಬಿಗಿದರೆ ಕುತ್ತಿಗೆ ಇನ್ನಷ್ಟು ಬಾಗಿತು! ಗಿಟಾರನ್ನು ಮಡಿಲಲ್ಲಿಟ್ಟುಕೊಂಡು ನಕ್ಕೇ ನಕ್ಕ.

“ಜಲಜಾ, ಬಾಗಿಸುವುದರಲ್ಲಿ ನಾನೂ ತಂತಿಯ ಪಾರ್ಟಿ ಸೇರಿದೆ ಮಾರಾಯ್ತಿ!”

ಮತ್ತೆ ಕೆತ್ತಿದ. ಈ ಸಲ ಎರಡು ತುದಿಯಲ್ಲಿ ಆಳ ಕಡಿಮೆ, ನಡುವಿನಲ್ಲಿ ಹೆಚ್ಚು. ಕಟ್ಟಿದ ಹಗ್ಗ ಜೋತ ಹಾಗೆ ರಾಡ್ ಮಲಗಿತು. ಜಲಜಾಕ್ಷಿ ಕಾಯಿಸಿದ ಅಂಟನ್ನು ಹಚ್ಚಿ, ಮೇಲೆ ತೆಳ್ಳಗಿನ ಮರದ ರೀಪು ಕೂರಿಸಿ, ಪಟ್ಟಿ ಮುಚ್ಚಿದ. ಅಂಟು ಒಣಗಿದ ಮೇಲೆ ಒಂದು ಕಣ್ಣು ಮುಚ್ಚಿ, ಕುತ್ತಿಗೆಯ ಉದ್ದಕ್ಕೂ ನೋಡುತ್ತ, ತಲೆಯ ಕಡೆಯ ನಟ್ಟನ್ನು ಚೂರು ಚೂರೇ ತಿರುಗಿಸಿದ. ಒಳಗಿನ ಉಕ್ಕು ನೆಟ್ಟಗಾಗಲು ಹೊರಟು, ಮರವನ್ನೂ ತನ್ನ ಜೊತೆ ಎಬ್ಬಿಸಿತು.

ಲೋಕನಾಥ ಬಾರಿಸಿ ನೋಡಿ, ಶೀನಪ್ಪನ ಕಾಲು ಮುಟ್ಟಿದ. “ಎಲ್ಲಿ ಬಾರಿಸಿದರೂ ನಿಮ್ಮ ಹೆಸರು ಹೇಳಿಯೇ ಶುರು ಮಾಡುವುದು, ಶೀನಣ್ಣ.”

ಕೆಲವು ದಿನ ಕಳೆದು ಮತ್ತೆ ಬಂದ. “ಅಣ್ಣ, ಈ ನಟ್ಟು ಕಾಣ್ತದೆ. ಸೈಕಲಿನದ್ದು ಅಂತ ಜನಕ್ಕೆ ಗೊತ್ತಾಗ್ತದೆ. ಮುಚ್ಚಿ ಕೊಡ್ತೀರಾ?”

“ಗೊತ್ತಾದರೆ ಏನು?” ಜಲಜಾಕ್ಷಿ ಕೇಳಿದ್ದಳು.

“ಚೆಂದಕ್ಕೆ ಕೇಳುವುದು ಮಾರಾಯ್ತಿ,” ಎಂದು ಶೀನಪ್ಪ ಮರದ ಮುಚ್ಚಳ ಮಾಡಿ, ಕಪ್ಪು ಬಣ್ಣ ಬಳಿದು ಕೊಟ್ಟ.

*

ಮೂಡುಬಿದಿರೆಯ ಒಂದು ಮದುವೆಯಲ್ಲಿ ಗಂಡ ಹೆಂಡತಿ ಇಬ್ಬರೂ ಊಟದ ಪಂಕ್ತಿಯಲ್ಲಿದ್ದರು. ಚಪ್ಪರದ ಕೊನೆಯಲ್ಲಿ ಲೋಕನಾಥನ ಆರ್ಕೆಸ್ಟ್ರಾ. ಗಿಟಾರು ಎಲ್ಲಿಯದೆಂದು ಯಾರೋ ಕೂಗಿ ಕೇಳಿದರು.

“ಬೊಂಬಾಯಿಯದ್ದು,” ಮೈಕಿನಲ್ಲಿ ಲೋಕನಾಥನ ಧ್ವನಿ ಬಂತು. “ಹಡಗಿನಲ್ಲಿ ಬಂದ ಮಾಲು!”

ಜನ ಚಪ್ಪಾಳೆ ತಟ್ಟಿದರು. ಹೆಂಗಸರ ಸಾಲಿನಿಂದ ಜಲಜಾಕ್ಷಿ ಗಂಡನನ್ನು ನೋಡಿದಳು. ಅವನ ಕೈಯ ತುತ್ತು ಬಾಯಿಯ ಹತ್ತಿರ ನಿಂತಿತ್ತು. ಆಮೇಲೆ ಅದನ್ನು ಉಂಡ. ಬಸ್ಸಿನಲ್ಲಿ, ಅವಳು ಕೇಳುವ ಮೊದಲೇ, “ತಮಾಷೆಗೆ ಹೇಳಿದ್ದು ಅವ. ಒಂದು ದಿನ ಸರಿಯಾಗಿ ಹೇಳ್ತಾನೆ, ನೋಡು,” ಎಂದ.

ಮಳೆಗಾಲದ ಮೊದಲು ನಟ್ಟು ಬಿಗಿಸಲು ಲೋಕನಾಥ ತಾನೇ ಬರುತ್ತಿದ್ದ. ಆಮೇಲಾಮೇಲೆ ಡ್ರೈವರನ ಕೈಯಲ್ಲಿ ಕಳಿಸತೊಡಗಿದ. ಬಿಗಿದು ಕೊಡುವಾಗ ಶೀನಪ್ಪ ಮುಚ್ಚಳಕ್ಕೆ ಹೊಸ ಬಣ್ಣವನ್ನೂ ಬಳಿಯುತ್ತಿದ್ದ.

*

ಬಿಸಿಲು ಇಳಿಯುವ ಹೊತ್ತಿಗೆ ಬಣ್ಣದ ಅಕ್ಷರಗಳ ವ್ಯಾನ್ ಬಂದು ನಿಂತಿತು.

“ದಿಬ್ಬಣ ಬಂದ ಹಾಗೆ ಉಂಟು,” ಮೊಯ್ದೀನ್ ಗೊಣಗಿದ.

ಲೋಕನಾಥ ದೊಡ್ಡ ಹಾರ ಹಿಡಿದು ಇಳಿದ. ಹಿಂದೆ ಆರ್ಕೆಸ್ಟ್ರಾದಲ್ಲಿ ಹಾಡುವ ಹುಡುಗಿ ಕಾಂತಿ, ವಾದ್ಯದ ಇಬ್ಬರು ಯುವಕರು. ಹಾರ ಹಾಕಿ, ಕಪ್ಪು ಕನ್ನಡಕ ತೆಗೆದು, ಸತ್ತವನ ಕಾಲ ಬಳಿ ನಿಂತ. ಕಣ್ಣು ಒದ್ದೆಯಾಗಿತ್ತು, ಅದು ಸುಳ್ಳಲ್ಲ ಎಂದು ಜಲಜಾಕ್ಷಿಗೂ ಕಂಡಿತು.

“ಬಾ ಲೋಕು. ನಿನಗೆ ಅಂತಲೇ ಕಾದದ್ದು,” ಎಂದು ಗಿಂಡಿಗೆ ಹೊಸ ನೀರು ತುಂಬಿಸಿ ತಂದಳು.

ಕಾಂತಿ ಮೆಲ್ಲಗೆ ಕೇಳಿದಳು: “ಸರ್, ಇವರು ನಿಮಗೆ ಏನಾಗಬೇಕು?”

ಮುಂಡಪ್ಪ ತಲೆ ಎತ್ತಿದ. ಗಿಂಡಿ ಚಾಚಿದ ಜಲಜಾಕ್ಷಿಯ ಕೈ ಅಲ್ಲೇ ನಿಂತಿತು. ಲೋಕನಾಥ ಅವಳನ್ನು ನೋಡಿದ. ತನ್ನ ಹಿಂದಿದ್ದ ಮೂವರನ್ನು ನೋಡಿದ.

“ಪರಿಚಯದವರು,” ಎಂದ. “ಮೊದಲೆಲ್ಲ ಸೈಕಲಿಗೆ ಗಾಳಿ ಹಾಕಿಸ್ತಿದ್ದೆ, ಇಲ್ಲಿ.”

ಮೊಯ್ದೀನ್ ಅಂಗಳದ ಕಡೆಗೆ ಮುಖ ತಿರುಗಿಸಿದ.

“ಕೊಡಿ ಅಕ್ಕ,” ಲೋಕನಾಥ ಬೊಗಸೆ ಒಡ್ಡಿದ. “ಒಂದು ತೊಟ್ಟು ಬಿಡ್ತೇನೆ.”

“ಕೊಡು ಮಗಾ,” ಸೇಸಮ್ಮ ಪಿಸುಗುಟ್ಟಿದಳು. “ಹೋದವನ ಆಸೆ ಅಲ್ವಾ.”

ಜಲಜಾಕ್ಷಿ ಗಿಂಡಿಯನ್ನು ಎದೆಗೆ ಒತ್ತಿ ಹಿಡಿದಳು. ಮೂತಿಯಿಂದ ತುಳುಕಿದ ನೀರು, ಒಂದು ತುಳಸಿ ಎಲೆಯ ಸಮೇತ, ಅವಳ ಸೀರೆಯ ಮೇಲೆಯೇ ಇಳಿಯಿತು.

“ಕೊಡುವುದಿಲ್ಲ,” ಎಂದಳು.