ಬಿಸಿಲಿಗೆ ಹೊರಟ ಮನೆಗಾಡಿ

ವೊಬ್ಬೆ ಅಡುಗೆಮನೆಯ ಮೇಜಿನ ಮೇಲೆ ಸ್ಪೇನಿನ ನಕ್ಷೆ ಹರಡಿ, ಅದು ಸುರುಳಿ ಸುತ್ತಿಕೊಳ್ಳದಂತೆ ನಾಲ್ಕು ಮೂಲೆಗೂ ಒಂದೊಂದು ಆಲೂಗಡ್ಡೆ ಇಟ್ಟುಕೊಂಡು ಕೂತಿದ್ದ. ಅಕ್ಟೋಬರ್ ಮುಗಿಯುತ್ತ ಬಂದಿತ್ತು. ಕಿಟಕಿಯಾಚೆ, ಕಾಲುವೆಯ ದಂಡೆ ಮೇಲೆ, ಮನೆಗಾಡಿ ನಿಂತಿತ್ತು. ಒಲೆ, ಮಂಚ, ಬಚ್ಚಲು ಎಲ್ಲ ಒಳಗೇ ಇದ್ದ ಉದ್ದನೆಯ ಬಿಳಿ ಗಾಡಿ. ಪಕ್ಕದ ಹುಲ್ಲುಗಾವಲಿನ ಹಸುಗಳು ಬೇಲಿಗೆ ಕತ್ತು ಚಾಚಿ ಅದನ್ನೇ ನೋಡುತ್ತಿದ್ದವು.

“ಫ್ರಾನ್ಸಲ್ಲಿ ಬೆಟ್ಟದ ದಾರಿ ಬೇಡ. ಸಮುದ್ರದ ಪಕ್ಕಾನೇ ಇಳಿದುಬಿಡೋಣ,” ಎಂದ. “ಬೋರ್ಡೊ ದಾಟೋ ತನಕ ಗಾಡಿ ಟ್ಯಾಂಕಿಗೆ ನೀರು ತುಂಬಬಾರದಂತೆ ಕಣೆ. ಹೆಪ್ಪುಗಟ್ಟಿ ಕೊಳವೆ ಒಡೆದುಹೋಗುತ್ತಂತೆ.”

ಒಲೆಯ ಮುಂದೆ ಬಟಾಣಿ ಸೂಪು ಕಲಕುತ್ತಿದ್ದ ಹೆಂಡತಿ ಬೌಕ್ಯೆ ತಿರುಗಿ ನೋಡಲಿಲ್ಲ. “ನೀರು ಹೆಪ್ಪುಗಟ್ಟುತ್ತೆ ಅಂತ ನೀನು ಹೆದರೋ ಕಾಲವೂ ಬಂತಲ್ಲ,” ಎಂದಳು.

ವೊಬ್ಬೆ ನಕ್ಕ. ನಗಲೇಬೇಕಾದ ಮಾತು ಅದು. ಉತ್ತರದ ಚಳಿ ಸೀಮೆಯಾದ ಫ್ರೀಸ್‌ಲ್ಯಾಂಡಿನ ಆಲ್ಡಸೀಲ ಎಂಬ ಆ ಹಳ್ಳಿಯಲ್ಲಿ ನೀರು ಹೆಪ್ಪುಗಟ್ಟಲೆಂದು ಅವನಷ್ಟು ಕಾದವರು ಮತ್ತೊಬ್ಬರಿರಲಿಲ್ಲ. ಚರ್ಚಿನ ಹಿಂದಿನ ತಗ್ಗಿನ ಹೊಲಕ್ಕೆ ನವೆಂಬರಿನಲ್ಲಿ ಪಂಪು ಹಚ್ಚಿ ಗೇಣಾಳ ನೀರು ನಿಲ್ಲಿಸುತ್ತಾರೆ. ಚಳಿ ಬಿಗಿದರೆ ಕಾಲುವೆಗಿಂತ ಮೊದಲು ಆ ನೀರು ಗಟ್ಟಿಯಾಗಿ ಊರಿಗೆ ಊರೇ ಸ್ಕೇಟ್ ಕಟ್ಟಿಕೊಂಡು ಇಳಿಯುತ್ತದೆ. ಆದರೆ ಮಂಜುಗಡ್ಡೆಯ ಯಜಮಾನನಾದ ವೊಬ್ಬೆ ಕೈಬೈರಿಗೆಯಿಂದ ತೂತು ಕೊರೆದು, ದಪ್ಪ ನೋಡಿ, ಬಾವುಟ ಏರಿಸುವವರೆಗೆ ಒಬ್ಬರೂ ಅದರ ಮೇಲೆ ಕಾಲಿಡುವ ಹಾಗಿಲ್ಲ. ಪಾದ್ರಿಯೂ ಕಾಯಬೇಕು, ಶಾಲೆಯ ಮುಖ್ಯೋಪಾಧ್ಯಾಯರೂ ಕಾಯಬೇಕು. ಸಂಬಳವಿಲ್ಲದ ಯಜಮಾನಿಕೆ, ಹಾಗಾಗಿಯೇ ಅದಕ್ಕೆ ಗತ್ತು ಹೆಚ್ಚು. ಕೊಟ್ಟಿಗೆಯ ಹಸುಗಳನ್ನು ಮಾರಿ ಈ ಚಿಕ್ಕ ಮನೆಗೆ ಬಂದ ಮೇಲೆ ವೊಬ್ಬೆಯ ಮಾತು ನಡೆಯುವ ಜಾಗವೆಂದು ಉಳಿದದ್ದು ಆ ಒಂದು ತುಂಡು ನೀರು. ಈಚಿನ ವರ್ಷಗಳಲ್ಲಂತೂ ಚಳಿಗೆ ಬಿಗಿಯೇ ಇಲ್ಲ. ನೀರು ಮಾರ್ಚಿನವರೆಗೂ ಗಾಳಿಗೆ ಸುಕ್ಕಾಗುತ್ತ, ಬಾತುಗಳನ್ನು ಹೊತ್ತು ಹಾಗೇ ಬಿದ್ದಿರುತ್ತದೆ. ಆದರೂ ಅವನು ಒಂದು ಚಳಿಗಾಲವನ್ನೂ ಊರು ಬಿಟ್ಟು ಕಳೆದವನಲ್ಲ.

ಬೌಕ್ಯೆ ಕೇಳುತ್ತಿದ್ದಳು. ಬೆರಳಿನ ಗೆಣ್ಣುಗಳು ಊದಿಕೊಳ್ಳಲು ಶುರುವಾದ ಕಾಲದಲ್ಲಿ, ಚಳಿಗಾಲ ಬೆಚ್ಚಗಿನ ಊರಲ್ಲಿ ಕಳೆದರೆ ನೋವು ಕಡಿಮೆಯಾದೀತು ಎಂದು ಡಾಕ್ಟರು ಹೇಳಿದ್ದರು. ಊರಿನ ಎಷ್ಟೋ ಜನ ಗಾಡಿ ಮಾಡಿಕೊಂಡು ಸ್ಪೇನಿಗೆ ಹೋಗಿಬರುತ್ತಿದ್ದರು. ಎಲೆ ಉದುರುವ ಹೊತ್ತಿಗೆ ಪ್ರತಿ ಸಲವೂ ಆಕೆ, “ಈ ವರ್ಷ ಹೋಗೋಣವಾ?” ಎನ್ನುತ್ತಿದ್ದಳು. “ನೀರು ಹೆಪ್ಪುಗಟ್ಟಿದ್ರೆ?” ಎಂದು ಇವನು ಕೇಳುತ್ತಿದ್ದ. ಆ ಪ್ರಶ್ನೆಗೆ ಎದುರಾಡುವವರು ಆ ಸೀಮೆಯಲ್ಲಿ ಇಲ್ಲ. ಆಮೇಲೆ ಯಾವುದೋ ಒಂದು ವರ್ಷದಿಂದ ಆಕೆ ಕೇಳುವುದನ್ನೇ ಬಿಟ್ಟಳು. ಆಸೆ ತಣಿಯಿತು ಎಂದುಕೊಂಡು ವೊಬ್ಬೆ ನಿರಾಳವಾದ.

ಈ ಬೇಸಿಗೆಯಲ್ಲಿ ಸೊಸೆಯಂದಿರ ನಡುವೆ ಕೂತಿದ್ದ ಬೌಕ್ಯೆ ಕಾಫಿ ಲೋಟವನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ಕುಡಿಯುವುದನ್ನು ಅವನು ಕಂಡ. ಬೆರಳುಗಳು ಲೋಟವನ್ನು ಮುಟ್ಟಿಯೂ ಇರಲಿಲ್ಲ. ಯಾವಾಗಿನಿಂದ ಹೀಗೆ ಎಂದು ಕೇಳಲು ಅವನಿಗೆ ನಾಚಿಕೆಯಾಯಿತು. ಯಾರಿಗೂ ಹೇಳದೆ ಹೋಗಿ ಗಾಡಿ ತಂದ. ಯಜಮಾನಿಕೆ ಬಿಡುತ್ತೇನೆಂದು ಊರಿನ ಸ್ಕೇಟ್ ಸಂಘಕ್ಕೆ ಹೇಳಿಬಂದ. ಹಿಗ್ಗುತ್ತಾಳೆಂದು ಕಾದರೆ ಬೌಕ್ಯೆ ಗಾಡಿಯನ್ನು ಒಂದು ಸುತ್ತು ಸುತ್ತಿ, “ಉದ್ದ ಇದೆ,” ಎಂದಳು, ಅಷ್ಟೆ.

ದಕ್ಷಿಣಕ್ಕೆ ಹೋಗಿ ಚಳಿ ಕಳೆಯುವುದಕ್ಕೂ, ಡೇಲಿಯಾ ಗೆಡ್ಡೆಯನ್ನು ಕಿತ್ತು ಮರಳಿನಲ್ಲಿಟ್ಟು ಚಳಿ ದಾಟಿಸುವುದಕ್ಕೂ ಅಲ್ಲಿನವರ ಬಾಯಲ್ಲಿ ಒಂದೇ ಮಾತು. ಅದನ್ನು ಹಿಡಿದೇ ಬೌಕ್ಯೆ ಈಗ, “ಸರಿ, ನನ್ನನ್ನೂ ಮರಳಲ್ಲಿ ಹೂತಿಟ್ಟು ಮಾರ್ಚಿಗೆ ತೆಗೀತೀಯ ಅನ್ನು,” ಎಂದು ಸೂಪಿನ ಬಟ್ಟಲು ತಂದಿಟ್ಟಳು. ನಕ್ಷೆಯ ದಕ್ಷಿಣ ತುದಿ ಬಟ್ಟಲಿನ ಅಡಿಗೆ ಹೋಯಿತು.

ಮಾರನೆಯ ವಾರ ತಗ್ಗಿನ ಹೊಲಕ್ಕೆ ನೀರು ಬಿಡುವ ಕೆಲಸ. ವೊಬ್ಬೆ ಬೈರಿಗೆಯನ್ನೂ ಬಾವುಟವನ್ನೂ ಸಂಘದ ಮರದ ಗುಡಿಸಲಿಗೆ ಒಯ್ದು ಲೋಲ್ಕ್ಯೆಯ ಕೈಗಿತ್ತ. ಹಾಲಿನ ಲಾರಿ ಓಡಿಸುವ ಗಟ್ಟಿಗಿತ್ತಿ ಅವಳು. ಇನ್ನು ಮುಂದೆ ಅವಳದೇ ಯಜಮಾನಿಕೆ. ಪಂಪು ನೋಡಿಕೊಳ್ಳುವ ಅಟ್ಸೆಯೂ ಇದ್ದ. ಬೇಕರಿ ಮುಚ್ಚಿ ಮನೆಯಲ್ಲಿರುವವನು, ವೊಬ್ಬೆಯ ವಾರಿಗೆಯವನು. ಮೂವರೂ ಸಣ್ಣ ಲೋಟಗಳಲ್ಲಿ ಕಹಿ ಬೇರಿನ ಮದ್ಯ ಹಾಕಿಕೊಂಡರು.

“ನೀನು ಊರು ಬಿಟ್ಟ ವರ್ಷವೇ ಹೆಪ್ಪುಗಟ್ಟುತ್ತೆ ನೋಡ್ತಿರು,” ಎಂದ ಅಟ್ಸೆ. “ಇಷ್ಟು ದಿನ ಆ ನೀರು ನಿನ್ನ ಮುಖ ನೋಡಿ ನೋಡಿ ಹೆಪ್ಪುಗಟ್ಟೋಕೇ ಮನಸ್ಸು ಮಾಡ್ತಿರಲಿಲ್ಲ.”

“ಕಟ್ಟಿದ್ರೆ ನಾನಂತೂ ಫೋನ್ ಮಾಡಲ್ಲಪ್ಪ,” ಎಂದಳು ಲೋಲ್ಕ್ಯೆ. “ನೀನು ಅಲ್ಲೇ ಕಿತ್ತಳೆ ತಿಂತಿರು. ವಾಪಸ್ ಓಡಿಬಂದು ಅಲ್ಲಿ ಕೊರಿ, ಇಲ್ಲಿ ಕೊರಿ ಅಂತ ನನ್ನ ತಲೆ ಕೊರೆಯೋದು ಬೇಡ.”

“ಆಲೂಗಡ್ಡೆ ಹೊತ್ಕೊಂಡು ಹೋಗ್ತಿದ್ದೀಯ ತಾನೆ?” ಎಂದು ಅಟ್ಸೆ ಕೇಳಿದ.

“ಎರಡು ಮೂಟೆ,” ಎಂದ ವೊಬ್ಬೆ. “ಅಲ್ಲಿನದು ಸೋಪಿನ ಥರ ಇರುತ್ತಂತೆ. ಗಾಡಿ ತೂಕ ಮೀರಬಾರದು ಅಂತ ಮೇವಿನ ಗೋದಾಮಿನ ಕಾಟಾ ಮೇಲೆ ಹತ್ತಿಸಿ ನೋಡಿದೆ. ಬೌಕ್ಯೆ ಒಳಗೇ ಕೂತಿದ್ಲು.”

“ಅಯ್ಯೋ ದೇವರೆ, ಹೆಂಡತೀನೂ ತೂಗಿಸಿದ್ಯಾ?” ಎಂದಳು ಲೋಲ್ಕ್ಯೆ.

ಎಲ್ಲರೂ ನಕ್ಕರು. ಅಟ್ಸೆ ಇನ್ನೊಂದು ಲೋಟ ಹಾಕಿಕೊಂಡು, ನಗು ಇನ್ನೂ ಮುಖದ ಮೇಲಿರುವಾಗಲೇ, “ಅವತ್ತೇ ಒಂದು ಚಳಿಗಾಲ ಬಿಟ್ಟುಕೊಟ್ಟಿದ್ರೆ ಅವಳ ಕೈ ಚೆನ್ನಾಗಿದ್ದಾಗಲೇ ಹೋಗಿ ಬರ್ತಿದ್ರಿ ಬಿಡು,” ಎಂದ.

“ಯಾವತ್ತು?”

“ಅದೇ, ಒಂದು ವರ್ಷದ ಮಟ್ಟಿಗೆ ಬೈರಿಗೆ ನನಗೆ ಕೊಡು ಅಂತ ಕೇಳೋಕೆ ಬಂದಿದ್ನಲ್ಲ. ನೀನು ನನ್ನ ನೀರಿಳಿಸಿ ಕಳಿಸಿದ್ಯಲ್ಲ.”

ವೊಬ್ಬೆಗೆ ನೆನಪಿತ್ತು. ಆಮೇಲೆ ಆ ಚಳಿಗಾಲ ಪೂರ್ತಿ ಇಬ್ಬರೂ ಮಾತು ಬಿಟ್ಟಿದ್ದರು. “ನಿನಗೆ ಯಜಮಾನಿಕೆ ಬೇಕಿತ್ತು, ಕೇಳಿದೆ. ಹಳೇದು, ಬಿಡು.”

“ನನಗಾ?” ಅಟ್ಸೆ ಲೋಟ ಕೆಳಗಿಟ್ಟ. “ನನಗ್ಯಾಕೋ ಮಾರಾಯ? ಬೆಳಗಿನ ಜಾವ ಬ್ರೆಡ್ಡು ಬೇಯಿಸ್ತಿದ್ದೋನು ನಾನು, ಹೊಲದಲ್ಲಿ ನಿಂತು ನೀರು ಕಾಯ್ಲಾ? ಬೌಕ್ಯೆ ಬಂದು ಕೇಳಿದ್ಲು ಕಣೋ. ಬೇಕರಿ ಹಿಂಬಾಗಿಲಿಗೆ ಬಂದಿದ್ಲು. ಒಂದೇ ಒಂದು ಚಳಿಗಾಲ, ನೀನಾಗೇ ಕೇಳಿದ ಹಾಗೆ ಕೇಳು, ನಾನು ಹೇಳ್ದೆ ಅನ್ಬೇಡ ಅಂದ್ಲು. ಇಷ್ಟು ಹೊತ್ತಿಗೆ ಹೇಳಿರ್ತಾಳೆ ಅಂದ್ಕೊಂಡೆ.”

ಲೋಲ್ಕ್ಯೆ ಎದ್ದು, “ಪಂಪಿಗೆ ಡೀಸೆಲ್ ಇದೆಯಾ ನೋಡ್ತೀನಿ,” ಎಂದು ಹೊರಗೆ ಹೋದಳು. ಡೀಸೆಲ್ ಆಗಷ್ಟೇ ತುಂಬಿಸಿ ಬಂದಿದ್ದರು.

ವೊಬ್ಬೆ ಕಾಲುವೆಯ ಬದಿ ಹಿಡಿದು ನಿಧಾನವಾಗಿ ಮನೆಗೆ ನಡೆದ. ಆ ಸಂಜೆ ಅವನ ಕಣ್ಣ ಮುಂದೆ ನಿಂತಿತ್ತು. ಅಟ್ಸೆ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಇವನು, “ನನ್ನ ಶವಪೆಟ್ಟಿಗೆಗೆ ಮೊಳೆ ಹೊಡೆದ ಮೇಲೆ ಬಾ, ಕೊಡ್ತೀನಿ,” ಎಂದು ಕದ ಹಾಕಿದ್ದ. ಆಮೇಲೆ ಊಟಕ್ಕೆ ಕೂತು ಅಟ್ಸೆಯ ಜೋತುಬಿದ್ದ ಮುಖವನ್ನು ಅಣಕಿಸಿ ತೋರಿಸಿದ್ದ. ಆ ಮಾತನ್ನು ಎರಡು ಸಲ ಹೇಳಿದ್ದ, ಚೆನ್ನಾಗಿತ್ತೆಂದು. ಬೌಕ್ಯೆ ಬಡಿಸುತ್ತಿದ್ದವಳು ಸೌಟು ತಡೆದು, “ಹಾಗಂದ್ಯಾ?” ಎಂದಿದ್ದಳು. ಆಮೇಲೆ, “ತಿನ್ನು, ಆರಿಹೋಗುತ್ತೆ.” ಆಕೆ ಕೇಳುವುದನ್ನು ಬಿಟ್ಟದ್ದು ಆ ವರ್ಷದಿಂದ. ಆ ಚಳಿಗಾಲದಲ್ಲಿ ಹೊಲದ ನೀರು ಒಂದು ದಿನವೂ ಹೆಪ್ಪುಗಟ್ಟಿರಲಿಲ್ಲ ಎಂಬುದೂ ಅವನಿಗೆ ನೆನಪಾಯಿತು.

ಮರುದಿನ ಪಾತ್ರೆಗಳನ್ನು ಗಾಡಿಗೆ ಸಾಗಿಸುವ ಕೆಲಸವಿತ್ತು. “ಒಳಗಿನ ಅಡುಗೆಮನೆ ನಿನ್ನದು. ಎಲ್ಲಿ ಏನಿಡಬೇಕೋ ನೀನೇ ಜೋಡಿಸ್ಕೊ,” ಎಂದು ಹೇಳಿ ತಾನು ಹಿಂದೆ ಸೈಕಲ್ ಕಟ್ಟುತ್ತಿದ್ದ. ಒಳಗಿನಿಂದ ಸದ್ದೇ ಇಲ್ಲ. ಬಾಗಿಲಿಗೆ ಬಂದು ಇಣುಕಿದ.

ಓಡುವಾಗ ತೆರೆದುಕೊಳ್ಳಬಾರದೆಂದು ಗಾಡಿಯ ಕಪಾಟುಗಳಿಗೆಲ್ಲ ಒತ್ತುಗುಂಡಿಯ ಬೀಗಗಳಿದ್ದವು. ಬೌಕ್ಯೆ ಒಂದು ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಆಗಲಿಲ್ಲ. ಮುಷ್ಟಿಯ ಗೆಣ್ಣಿನಿಂದ ಒತ್ತಿದಳು. ಮೊಣಕೈ ತಂದಳು. ಕೊನೆಗೆ ಮರದ ಸೌಟಿನ ಹಿಡಿಯನ್ನು ಎರಡೂ ಅಂಗೈಗಳಲ್ಲಿ ಹಿಡಿದು, ಮೈಯ ಭಾರವನ್ನೆಲ್ಲ ಹಾಕಿ ಗುಂಡಿಗೆ ಊರಿದಳು. ಹಿಡಿ ಜಾರಿ ಬಾಗಿಲಿಗೆ ಗೀರು ಬಿತ್ತು. ತಟ್ಟೆಗಳು ಮಂಚದ ಮೇಲೆ ಹಾಗೇ ಇದ್ದವು. ಒಂದು ಕಪಾಟೂ ತೆರೆದಿರಲಿಲ್ಲ.

“ಅವನ್ನೆಲ್ಲ ಕಿತ್ತು ಬೇರೆ ಹಾಕಿಸ್ತೀನಿ,” ಎಂದ ವೊಬ್ಬೆ.

ಬೌಕ್ಯೆ ಬೆಚ್ಚಲಿಲ್ಲ. ಅವನು ಅಲ್ಲಿ ನಿಂತದ್ದು ಮೊದಲೇ ಗೊತ್ತಿದ್ದವಳ ಹಾಗೆ ಮಂಚದ ಅಂಚಿನಲ್ಲಿ ಕೂತಳು. “ಮೆಟ್ಟಿಲಿನ ಹಿಡಿಕೆಯೂ ತಿರುಗಲ್ಲ. ನಲ್ಲಿಯೂ ತಿರುಗಲ್ಲ. ಎಷ್ಟು ಕೀಳಿಸ್ತೀಯ?”

“ನಾನಿದ್ದೀನಲ್ಲ, ತೆಗೆದುಕೊಡ್ತೀನಿ.”

“ತಟ್ಟೆ ಬೇಕು ವೊಬ್ಬೆ, ಉಪ್ಪು ಬೇಕು ವೊಬ್ಬೆ, ಕಕ್ಕಸಿಗೆ ಹೋಗಬೇಕು ವೊಬ್ಬೆ.” ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. “ಮನೇಲಿ ಯಾವುದನ್ನ ಮೊಣಕೈಲಿ ದೂಡಬೇಕು, ಯಾವುದನ್ನ ಸೊಂಟದಲ್ಲಿ ದೂಡಬೇಕು ಅಂತ ನನಗೆ ಗೊತ್ತು. ನಿಂಗೆ ಗೊತ್ತಾಗದ ಹಾಗೆ ಬದುಕ್ತಿದ್ದೀನಿ. ಇಲ್ಲಿ ನಾನು ಕಪಾಟು ಕಪಾಟಿಗೂ ಅತಿಥಿ.”

ವೊಬ್ಬೆ ಒಳಗೆ ಹತ್ತಿ ಚಾಲಕನ ಸೀಟಿನಲ್ಲಿ ಕೂತ. ಆಕೆಯ ಮುಖ ನೋಡದೆ ಮಾತಾಡಲು ಅದೇ ಅನುಕೂಲವಾಗಿತ್ತು. “ಅಟ್ಸೆನ ಕಳಿಸಿದ್ದು ನೀನಂತೆ.”

“ಬಾಯಿಬಿಟ್ಟನಾ?”

“ನನಗ್ಯಾಕೆ ಹೇಳ್ಲಿಲ್ಲ ನೀನು?”

“ಹೇಗೆ ಹೇಳ್ಲಿ? ನೀನು ಅಷ್ಟು ಖುಷಿಯಾಗಿ ಕೂತಿದ್ದೆ. ಹಸು ಮಾರಿದ ಮೇಲೆ ನಿನ್ನ ಮುಖದಲ್ಲಿ ಬಣ್ಣ ನೋಡಿದ್ದು ಅವತ್ತೇ. ಅವನನ್ನ ಅಣಕಿಸಿದೆ, ಎರಡೆರಡು ಸಲ. ಅವನ ಜಾಗದಲ್ಲಿ ನಾನು ನಿಂತಿದ್ದೆ ಅಂತ ಹೇಳಿ ನಿನ್ನ ಊಟ ಕೆಡಿಸ್ಲಾ?”

“ಕೆಡಿಸಬೇಕಿತ್ತು ಕಣೆ.”

“ಹೂಂ. ಕೆಡಿಸಬೇಕಿತ್ತು. ನನಗೂ ಎಷ್ಟೋ ಸಲ ಅನ್ನಿಸಿದೆ.”

ಗಾಜಿನಾಚೆ ಕಾಲುವೆಯಲ್ಲಿ ಒಂದು ದೋಣಿ ಹೋಯಿತು. ಅದರ ಅಲೆ ದಂಡೆಗೆ ಬಡಿದು ಅಡಗಿತು. “ಈಗ ಹೋಗೋದು ನಿನಗೆ ಬೇಕಾ?” ಎಂದು ವೊಬ್ಬೆ ಕೇಳಿದ. ಗಾಡಿ ತರುವ ಮೊದಲು ಕೇಳಬೇಕಿದ್ದ ಮಾತು ಅದೆಂದು ಕೇಳಿದ ಮೇಲೆ ಹೊಳೆಯಿತು.

“ನಿನಗೋಸ್ಕರ ಬರೋಣ ಅಂತಿದ್ದೆ,” ಎಂದಳು. “ಇಷ್ಟೊಂದು ಆಸೆಯಿಂದ ನಕ್ಷೆ ಮುಂದೆ ಕೂತಿದ್ಯಲ್ಲ. ನನ್ನದು ಕೇಳಿದ್ರೆ, ಬೇಡ. ಆಗ ಬೇಕಿತ್ತು. ಆಗ ನನಗೆ ಅಲ್ಲಿ ಏನೇನು ಮಾಡ್ಬೇಕು ಅಂತ ಇತ್ತು ಗೊತ್ತಾ, ಸಂತೆಗೆ ಹೋಗಿ ಮೀನು ತಂದು ನಾನೇ ಹೆಚ್ಚಬೇಕು, ಬೆಳಗ್ಗೆ ಎದ್ದು ಈಜಬೇಕು. ಆ ಆಸೇನ ಒಳಗೆ ಹಾಕಿ ಮುಚ್ಚೋಕೆ ನನಗೆ ತುಂಬ ದಿನ ಹಿಡೀತು. ಈಗ ಕೆದಕಬೇಡ.”

“ಮುಂದಿನ ವರ್ಷಕ್ಕೆ ಬೇಕಾದ್ರೆ…” ಎಂದು ಶುರುಮಾಡಿದ ವೊಬ್ಬೆ ಅಲ್ಲಿಗೇ ನಿಲ್ಲಿಸಿದ. ಬೌಕ್ಯೆ ಸಣ್ಣಗೆ ನಕ್ಕಳು. ಅವನಿಗೆ ನಗಲಾಗಲಿಲ್ಲ.

ಗಾಡಿ ಮಾರಿದವನು ಅದನ್ನು ವಾಪಸು ತೆಗೆದುಕೊಂಡ. ನವೆಂಬರಿನ ಒಂದು ಮಂಕು ಬೆಳಿಗ್ಗೆ ಅವನ ಕಡೆಯವನೊಬ್ಬ ಬಂದು ಅದನ್ನು ಓಡಿಸಿಕೊಂಡು ಹೋದ. ಗೀರು ಬಿದ್ದ ಕಪಾಟಿನ ಬಗ್ಗೆ ಏನೂ ಅನ್ನಲಿಲ್ಲ. ಅದು ಒಡ್ಡಿನ ತಿರುವು ದಾಟುವವರೆಗೂ ವೊಬ್ಬೆ ನೋಡುತ್ತ ನಿಂತ. ತಗ್ಗಿನ ಹೊಲದಲ್ಲಿ ಲೋಲ್ಕ್ಯೆ ಕೋಲು ಬೀಸಿ ಬಾತುಗಳನ್ನು ಓಡಿಸುತ್ತಿದ್ದುದು ಅಲ್ಲಿಂದ ಕಾಣುತ್ತಿತ್ತು. ಅತ್ತ ಹೋಗಲು ಅವನಿಗೆ ನೆಪವಿರಲಿಲ್ಲ. ಹೋಗಬೇಕೆಂದೂ ಅನ್ನಿಸಲಿಲ್ಲ.

ಒಳಗೆ ಬಂದಾಗ ಬೌಕ್ಯೆ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಬೆಳಿಗ್ಗೆಯಿಂದ ಕೈ ಬಹಳ ನೋಯುತ್ತಿತ್ತು. ಅದನ್ನು ಹೇಳುವುದಿಲ್ಲವೆಂಬ ಪಟ್ಟನ್ನು ಆಕೆ ಅಂದಿಗೆ ಬಿಟ್ಟಿದ್ದಳು.

“ಕಾಫಿ ನೀನೇ ಮಾಡಪ್ಪ ಇವತ್ತು,” ಎಂದಳು.

ವೊಬ್ಬೆ ಕೋಟು ತೆಗೆದು ಅಡುಗೆಮನೆಯ ನಡುವೆ ನಿಂತು ಸುತ್ತ ನೋಡಿದ. ಒಂದು ಬಾಗಿಲು ತೆರೆದು ಮುಚ್ಚಿದ. ಇನ್ನೊಂದನ್ನು ತೆರೆದ. ಅದರಲ್ಲಿ ಹಿಟ್ಟಿತ್ತು.

“ಪುಡಿ ಎಲ್ಲಿಡ್ತೀಯ?” ಎಂದು ಕೇಳಿದ.

ಬೌಕ್ಯೆ ಅವನನ್ನೇ ನೋಡುತ್ತ ಕೂತಿದ್ದಳು. “ಮೊದಲು ನೀರಿಡು,” ಎಂದಳು. “ಆಮೇಲೆ ಹೇಳ್ತೀನಿ.”