ಕೈತಪ್ಪಣ್ಣನ ಓಟು

ಅಂಗಿಯ ಗುಂಡಿಗೆ ಕೊನೆಯ ಗಂಟು ಹಾಕಿ ಅವಳು ದಾರವನ್ನು ಹಲ್ಲಿನಲ್ಲಿ ಕಡಿದಳು. ಊರಿಗೆಲ್ಲ ಅಂಗಿ ಹೊಲಿದ ದರ್ಜಿ. ಅವನ ಅಂಗಿಗೇ ಗುಂಡಿಯಿಲ್ಲ. ನಡುಮನೆಯ ಮಂಚದ ಮೇಲೆ ಉಸಿರು ನಿಂತು ತಣ್ಣಗೆ ಮಲಗಿದ್ದ ಗಂಡನ ಎದೆಯ ಹತ್ತಿರ ಬಗ್ಗಿ, ಮೈಮೇಲಿದ್ದ ಅಂಗಿಗೇ ಹೊಲಿದಿದ್ದಳು. ಪಕ್ಕದ ಹೊಲಿಗೆ ಯಂತ್ರದ ಮೇಲೆ, ಪ್ರತಿ ಚುನಾವಣೆಗೆ ನಿಂತಾಗಲೂ ಅವನು ಚುಚ್ಚಿಕೊಳ್ಳುತ್ತಿದ್ದ ಕತ್ತರಿ ಗುರುತಿನ ಬಿಲ್ಲೆ ಇತ್ತು.

"ಅತ್ತಿಗೆ, ಗಾಡಿ ಬಂತು. ಇನ್ನೈದು ನಿಮಿಷ," ಎಂದ ಎದುರು ಅಂಗಡಿಯ ಕ್ಷೌರಿಕ.

ಮಾಜಿ ಶಾಸಕರು ಕೋಲೂರಿಕೊಂಡು ಒಳಬಂದರು. ಆ ಕ್ಷೇತ್ರದಲ್ಲಿ ಅವರ ಕೊಡೆ ಗುರುತು ನಾಲ್ಕು ಸಲ ಗೆದ್ದಿತ್ತು, ಎದುರಾಳಿಯ ಕುರ್ಚಿ ಮೂರು ಸಲ. ಕತ್ತರಿ ಮಾತ್ರ ಏಳಕ್ಕೆ ಏಳೂ ಸಲ ಮಣ್ಣುಮುಕ್ಕಿತ್ತು.

"ನಾನು ಕಟ್ಟಿಸಿದ ಸೇತುವೆ, ಬಸ್ ನಿಲ್ದಾಣ, ಹೆರಿಗೆ ಆಸ್ಪತ್ರೆ ಎಲ್ಲಾ ಇವನ ಕರಪತ್ರ ನೋಡಿ ಕದ್ದಿದ್ದಮ್ಮಾ," ಎಂದು ಕಣ್ಣೊರೆಸಿಕೊಂಡರು.

"ಮೊದಲನೇ ಸಲ ತನ್ನ ಓಟನ್ನೂ ನಿಮಗೇ ಕೊಟ್ಟಿದ್ನಲ್ಲ! ನಮ್ಮ ಕೈತಪ್ಪಣ್ಣ!" ಎಂದ ಕ್ಷೌರಿಕ.

ನೆರೆದವರು ಅಳುವಿನ ನಡುವೆಯೇ ನಕ್ಕರು. ಪ್ರೀತಿಯ ನಗುವೇ. ಆದರೂ ಅವಳು ಗಂಡನ ಮುಖದತ್ತ ತಿರುಗಿದಳು. ಇನ್ನೈದು ನಿಮಿಷ ತಾನು ಸುಮ್ಮನಿದ್ದರೆ ಅವನು ಆ ಹೆಸರನ್ನೇ ಹೊತ್ತುಕೊಂಡು ಹೋಗಿಬಿಡುತ್ತಾನೆ.

*

ಮೊದಲ ಚುನಾವಣೆ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಬೀದಿಗೆ ಬೀದಿಯೇ "ಓಟು ನಿನಗೇ ಕಣಯ್ಯಾ" ಎಂದು ಅವನ ಅಂಗಡಿಯಲ್ಲಿ ಕೂತು ಚಹಾ ಕುಡಿದಿತ್ತು. ಎಣಿಕೆಯಾದಾಗ ಅವರ ಮತಗಟ್ಟೆಯಲ್ಲಿ ಕತ್ತರಿಗೆ ಬಿದ್ದದ್ದು ಒಂದೇ ಒಂದು ಓಟು.

"ನಾವು ಕೊಟ್ಟ ಮಾತು ಗಾಳಿಗೆ ಹೋಯ್ತು, ಸರಿ. ಆದ್ರೆ ಗಂಡ ಹೆಂಡ್ತಿ ಸೇರಿದ್ರೆ ಎರಡಾಗಬೇಕಲ್ಲ! ಇನ್ನೊಂದೆಲ್ಲಿ?" ಎಂದು ಯಾರೋ ಕೇಳಿದರು.

ಎಲ್ಲರ ಕಣ್ಣೂ ಬಾಗಿಲಲ್ಲಿ ನಿಂತಿದ್ದ ಅವಳ ಮೇಲೆ ಬಿತ್ತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅವನೂ ಒಮ್ಮೆ ಅವಳ ಮುಖ ನೋಡಿದ. ನೋಡಿ, ತಲೆ ಕೆರೆದುಕೊಂಡ.

"ನಂದೇ ಕಣ್ರೋ. ಮುದ್ರೆ ಒತ್ತೋವಾಗ ಕೈ ತಪ್ಪಿ ಕೊಡೆ ಮೇಲೆ ಬಿತ್ತು."

ಬಟ್ಟೆಯ ಮೇಲೆ ಎಳೆದ ಗೆರೆಯಿಂದ ಕೂದಲೆಳೆಯಷ್ಟೂ ಸರಿಯದ ಕೈ ಅದು. ಬೀದಿ ಬಿದ್ದು ಬಿದ್ದು ನಕ್ಕಿತು, ಕೈತಪ್ಪಣ್ಣ ಎಂದು ಹೆಸರಿಟ್ಟಿತು. ಅವತ್ತು ಊಟಕ್ಕೆ ಕೂತಾಗ ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಮೂವತ್ತೈದು ವರ್ಷ ಹಾಗೆಯೇ ಕಳೆಯಿತು.

*

"ಎತ್ತೋಣ್ವಾ?" ಎಂದ ಕ್ಷೌರಿಕ.

"ತಡೀರಿ." ಅವಳು ಎದ್ದು ನಿಂತಳು. "ಅವರ ಕೈ ತಪ್ಪಿರಲಿಲ್ಲ. ಕೊಡೆ ಮೇಲೆ ಒತ್ತಿದ್ದು ನಾನು."

ಮಂಚಕ್ಕೆ ಕೈಹಾಕಿದ್ದವರು ಕೈ ತೆಗೆದರು.

"ಗೆದ್ರೆ ರಾಜಧಾನಿಗೆ ಹೋಗಿಬಿಡ್ತಾರೆ, ಈ ಮನೇಲಿ ನಾನೊಬ್ಬಳೇ ಆಗ್ತೀನಿ ಅಂತ ಹೆದರಿಕೆ ಆಯ್ತು. ಚಿಕ್ಕ ವಯಸ್ಸು, ಬುದ್ಧಿ ಇರ್ಲಿಲ್ಲ. ಆಮೇಲೆ ಆರು ಸಲಾನೂ ಕತ್ತರಿಗೇ ಹಾಕ್ದೆ. ಆದ್ರೆ ಇವರು ಒಂದಿನಾನೂ ನನ್ನ ಕೇಳ್ಲಿಲ್ಲ. ನನ್ನ ಮೇಲೆ ಮಾತು ಬರಬಾರದು ಅಂತ ನೀವಂದಿದ್ದೆಲ್ಲಾ ತಾವೇ ಅನ್ನಿಸ್ಕೊಂಡ್ರು."

ಮಾಜಿ ಶಾಸಕರು ಕೋಲಿನ ಮೇಲೆ ಗಲ್ಲವೂರಿ ನೆಲ ನೋಡಿದರು. ಕ್ಷೌರಿಕ ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡ.

"ಅತ್ತಿಗೆ, ನಾನೂ ಪ್ರತಿ ಸಲ ಹಾಕ್ತೀನಿ ಅಂತಿದ್ದೆ. ಒಂದು ಸಲಾನೂ ಹಾಕ್ಲಿಲ್ಲ. ನಿಮ್ಮದಾದ್ರೂ ಹೆದರಿಕೆ. ನನ್ನದು ಬರೀ ಬಾಯಿಮಾತು."

ಅವಳು ಬಿಲ್ಲೆಯನ್ನು ಎತ್ತಿಕೊಂಡು ಗಂಡನ ಎದೆಯ ಹತ್ತಿರ ಬಗ್ಗಿದಳು. ಪಿನ್ನು ಜಾರಿತು.

"ಕೊಡಿ ಇಲ್ಲಿ, ನಾನು ಹಾಕ್ತೀನಿ," ಎಂದು ಕ್ಷೌರಿಕ ಕೈ ಚಾಚಿದ.

"ಬೇಡ. ಈ ಸಲ ಕೈ ತಪ್ಪಲ್ಲ."

ಹೊಸ ಗುಂಡಿಯ ಪಕ್ಕದಲ್ಲೇ ಪಿನ್ನು ಚುಚ್ಚಿದಳು. ಬಿಲ್ಲೆ ಸೊಟ್ಟಗಿತ್ತು. ಅದನ್ನು ಹೆಬ್ಬೆರಳಿನಿಂದ ನೇರ ಮಾಡಿ, ಮುದ್ರೆ ಒತ್ತುವವಳ ಹಾಗೆ, ಕತ್ತರಿಯ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದಳು.