ಅವ್ವನಿಗೆ ಬೇಜಾರಿಲ್ಲವಂತೆ

ಗಿರಣಿ ನಡೆಸುವವನಿಗೆ ಒಂದು ಕಿವಿ ಮಂದ ಅಂದರೆ ಯಾರಾದರೂ ತಲೆ ಕೆಡಿಸಿಕೊಳ್ಳುತ್ತಾರೆಯೇ? ಬೆಳ್ಳಾರೆ ಪೇಟೆಯಲ್ಲಿ ಇಪ್ಪತ್ತು ವರ್ಷದಿಂದ ಅಕ್ಕಿ, ಗೋಧಿ, ಮೆಣಸು ಹುಡಿ ಮಾಡಿಕೊಂಡು ಬಂದ ಉದಯನಿಗೆ ಎಡಗಿವಿ ಕೇಳದೆ ಹೋದಾಗ ಊರಿಡೀ ತಪ್ಪನ್ನು ಮೆಷಿನಿನ ತಲೆಗೆ ಕಟ್ಟಿತು. ಅವನೂ ಕಟ್ಟಿದ. ಹಾಗೇ ಎರಡು ವರ್ಷ ಹೋಯಿತು. ಒಂದು ಬೆಳಿಗ್ಗೆ ಅಂಗಳದಲ್ಲಿ ನಡೆಯುತ್ತಿದ್ದವನು ಎಡಕ್ಕೆ ವಾಲಿ ತುಳಸಿಕಟ್ಟೆಗೆ ಢಿಕ್ಕಿ ಹೊಡೆದ ಮೇಲೆ ಹೆಂಡತಿ ನವ್ಯಾ ಬಿಡಲಿಲ್ಲ. ಪುತ್ತೂರಿನ ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ಮಂಗಳೂರಿಗೆ ಬರೆದುಕೊಟ್ಟರು.

"ಕ್ಯಾನ್ಸರ್ ಅಲ್ಲ, ಹೆದರಬೇಡಿ," ಎಂದರು ಮಂಗಳೂರಿನ ಡಾಕ್ಟರು, ಸ್ಕ್ಯಾನಿಂಗಿನ ಫಿಲ್ಮನ್ನು ಬೆಳಕಿಗೆ ಹಿಡಿದು. "ಕಿವಿಯ ನರದ ಮೇಲೆ ಗಡ್ಡೆ ಉಂಟು. ಹೆಚ್ಚುಕಡಿಮೆ ಒಂದು ಅಡಿಕೆಯಷ್ಟು. ಬಿಟ್ಟರೆ ಮೆದುಳನ್ನು ಒತ್ತುತ್ತದೆ. ತೆಗೆದರೆ ಆ ಕಿವಿ ಪೂರ್ತಿ ಹೋಗುತ್ತದೆ. ಮುಖದ ನರವೂ ಪಕ್ಕದಲ್ಲೇ ಇದೆ, ಸ್ವಲ್ಪ ದಿನ ಬಾಯಿ ಸೊಟ್ಟ ಆಗಬಹುದು."

ಉದಯ ನಕ್ಕುಬಿಟ್ಟ. "ಬಾಯಿ ಸೊಟ್ಟ ಆದರೂ ಮೆಣಸು ಹುಡಿ ಆಗ್ತದಲ್ಲ ಡಾಕ್ಟ್ರೆ," ಎಂದ. ಹೊರಗೆ ಬಂದು ಕ್ಯಾಂಟೀನಿನಲ್ಲಿ ಕೂತಾಗ ಮಾತ್ರ ತಂದಿಟ್ಟ ಚಹಾವನ್ನು ಮುಟ್ಟದೆ ಹಾಗೇ ಬಿಟ್ಟು ಎದ್ದ.

ಮನೆಯಲ್ಲಿ ಆಪರೇಶನಿನ ತಯಾರಿ ಶುರುವಾಯಿತು. ತಲೆಯ ಮೇಲಿಂದ ಬನಿಯನ್ ಎಳೆಯುವ ಹಾಗಿಲ್ಲವೆಂದು ನವ್ಯಾ ಮುಂದೆ ಗುಂಡಿಯಿರುವ ನಾಲ್ಕು ಅಂಗಿ ಹೊಲಿಸಿದಳು. ಬಚ್ಚಲಿಗೆ ಹೋಗುವ ದಾರಿಯ ಉದ್ದಕ್ಕೂ ಹಿಡಿದುಕೊಳ್ಳಲು ಬಿದಿರು ಕಟ್ಟಿಸಿದಳು. ಗಿರಣಿಗೆ ಬೀಗ ಬಿತ್ತು. ಇದನ್ನೆಲ್ಲ ಜಗಲಿಯಲ್ಲಿ ಕೂತು ನೋಡುತ್ತಿದ್ದವಳು ದುಗ್ಗಮ್ಮ, ಉದಯನ ಅವ್ವ. ಎಪ್ಪತ್ತಾರರ ಪ್ರಾಯ, ಒಬ್ಬನೇ ಮಗ. ಮಗ ಸೊಸೆಗೆ ಮಕ್ಕಳಿಲ್ಲದ್ದರಿಂದ ಆ ಮನೆಯಲ್ಲಿ ಇದ್ದದ್ದೇ ಮೂರು ಜನ, ಮುದುಕಿಗೆ ಮಗನೇ ಮಗು.

"ತಲೆ ಕೊಯ್ಯುದು ಬೇಡ ಮಗಾ," ಎಂದು ದಿನಕ್ಕೆ ಹತ್ತು ಸಲ ಹೇಳಿದಳು. "ದೈವದ ಹತ್ತಿರ ಒಂದು ಮಾತು ಕೇಳುವ. ಅಷ್ಟರ ಮೇಲೆ ನೋಡುವ."

ಹನ್ನೊಂದನೆಯ ಸಲಕ್ಕೆ ಉದಯನ ತಾಳ್ಮೆ ಹರಿಯಿತು. "ನಿನ್ನ ದೈವ ಬಂದು ಗಡ್ಡೆ ತೆಗೀತದಾ? ಬಾಯಿ ಮುಚ್ಚಿ ಕೂತ್ಕೊ!"

ಜನ್ಮದಲ್ಲಿ ಅವ್ವನಿಗೆ ಅಂಥ ಮಾತು ಆಡಿದವನಲ್ಲ. ಹೆದರಿಕೆ ಆಡಿಸಿದ್ದು, ಇನ್ನೇನು? ಆದರೆ ಅದನ್ನು ಒಪ್ಪಿಕೊಳ್ಳುವ ಗಂಡಸು ಎಲ್ಲಿದ್ದಾನೆ! ದುಗ್ಗಮ್ಮ ಬಾಯಿ ಮುಚ್ಚಿದಳು. ಮೂರು ದಿನ ತಾಯಿ ಮಗನ ನಡುವೆ ಮಾತಿಲ್ಲ.

ಹೊರಡುವ ದಿನ ಜೀಪು ಅಂಗಳಕ್ಕೆ ಬಂತು. ಉದಯ ಮುಂದೆ ಕೂತ, ನವ್ಯಾ ಹಿಂದೆ. ಇಂಜಿನ್ ಗುರುಗುಟ್ಟುತ್ತಿರುವಾಗ ದುಗ್ಗಮ್ಮ ಸೆರಗು ಸರಿಮಾಡುತ್ತ ಬಂದು ಮಗನ ಎಡಗಡೆ ನಿಂತಳು. "ನಂಗೆ ಎಂತ ಬೇಜಾರೂ ಇಲ್ಲ ಮಗಾ. ಬೇಗ ಗುಣ ಆಗಿ ಬಾ," ಎಂದಳು. ಹೇಳಿದ್ದು ಕೇಳದ ಕಿವಿಗೆ. ತಲೆ ಸುತ್ತದಿರಲೆಂದು ಉದಯ ನೆಟ್ಟಗೆ ರಸ್ತೆಯನ್ನೇ ನೋಡುತ್ತಿದ್ದ. ಜೀಪು ಹೊರಟಿತು. ಮುದುಕಿಯ ಮುಖ ಬಾಡಿದ್ದನ್ನು ನವ್ಯಾ ಒಬ್ಬಳೇ ನೋಡಿದಳು.

ದಾರಿಯಲ್ಲಿ ಹೇಳೋಣ ಎಂದುಕೊಂಡಳು. ಅವನು ಕಣ್ಣು ಮುಚ್ಚಿ ಒರಗಿದ್ದ. ಆಸ್ಪತ್ರೆಯಲ್ಲಿ ಹೇಳೋಣ ಎಂದುಕೊಂಡಳು. ಅಲ್ಲಿ ಆ ಚೀಟಿ, ಈ ರುಜು, ರಕ್ತ ಕೊಡುವವರನ್ನು ಹುಡುಕುವ ಓಡಾಟ. ಸಂಜೆ ದುಗ್ಗಮ್ಮನದ್ದೇ ಫೋನು ಬಂತು.

"ಅವ ನನ್ನ ಕಡೆ ತಿರುಗಿಯೂ ನೋಡ್ಲಿಲ್ಲ ಅಲ್ವಾ?"

"ಅಯ್ಯೋ ಅತ್ತೆ, ನೀವು ಹೇಳಿದ್ದು ಅವರಿಗೆ ಕೇಳ್ಲೇ ಇಲ್ಲ. ಅದು ಹೋದ ಕಿವಿ. ಆಪರೇಶನ್ ಆಗಲಿ, ಅವರ ಹತ್ತಿರವೇ ಮಾತಾಡಿಸ್ತೇನೆ."

"ಹೂಂ," ಎಂದಳು ದುಗ್ಗಮ್ಮ. ನಂಬಿದಳೋ ಇಲ್ಲವೋ, ದೇವರಿಗೇ ಗೊತ್ತು.

ಆಪರೇಶನ್ ಒಂಬತ್ತು ಗಂಟೆ ಹಿಡಿಯಿತು. ಮರುದಿನ ಅವನು ಐಸಿಯುವಿನಲ್ಲಿ ಅರೆ ಎಚ್ಚರದಲ್ಲಿರುವಾಗಲೇ ನವ್ಯಾಳಿಗೆ ಪಕ್ಕದ ಮನೆಯ ಪಾತುವಿನ ಫೋನು ಬಂತು. ಅತ್ತೆಗೆ ಜೊತೆಯಾಗಿರಲೆಂದು ಅವಳಿಗೇ ಒಪ್ಪಿಸಿ ಬಂದದ್ದು.

"ದುಗ್ಗಮ್ಮಕ್ಕ ಹೋದ್ರು ನವ್ಯಾ," ಪಾತು ಬಿಕ್ಕಿದಳು. "ಎದೆ ನೋವು ಅಂದ್ರು. ನನ್ನ ಗಂಡ ಆಟೋ ತಂದ್ರು. ದಾರಿಯಲ್ಲಿ ನೀರು ಕೇಳಿದ್ರು, ನಾನೇ ಬಾಯಿಗೆ ಬಿಟ್ಟದ್ದು. ಮಗ ಬಿಡ್ಬೇಕಾದ ನೀರು, ನಾನು ಬಿಟ್ಟೆ."

ಹತ್ತು ನಿಮಿಷದಲ್ಲಿ ಮರ್ಕಂಜದಿಂದ ಉದಯನ ಚಿಕ್ಕಪ್ಪ ಅಚ್ಚುತ ಫೋನ್ ಮಾಡಿದ. ಕುಟುಂಬದಲ್ಲಿ ಈಗ ಅವನೇ ಹಿರಿಯ, ಅವನ ಮಾತಿಗೆ ಎದುರಿಲ್ಲ. "ಉದಯನಿಗೆ ಹೇಳುದು ಬೇಡ. ಹೊಲಿಗೆ ಬಿಚ್ಚುವವರೆಗೆ ಯಾರೂ ಬಾಯಿ ಬಿಡ್ಬಾರ್ದು. ಬೆಂಕಿ ನಾನು ಕೊಡ್ತೇನೆ."

ನಮ್ಮ ಕಡೆ ಇದೊಂದು ಮರ್ಯಾದೆ. ಹಾಸಿಗೆ ಹಿಡಿದವನಿಗೆ ಸಾವಿನ ಸುದ್ದಿ ಹೇಳುವವರು ಉಂಟಾ? ಅಪ್ಪ ಸತ್ತರೂ ಅಣ್ಣ ಸತ್ತರೂ 'ಹುಷಾರಿದ್ದಾರೆ' ಎಂದೇ ಹೇಳುತ್ತೇವೆ, ಅದನ್ನೇ ಪುಣ್ಯ ಎಂದುಕೊಳ್ಳುತ್ತೇವೆ. ನವ್ಯಾ ಆಸ್ಪತ್ರೆಯ ಬಾತ್‌ರೂಮಿನಲ್ಲಿ ತಣ್ಣೀರು ತಲೆಗೆ ಹೊಯ್ದುಕೊಂಡು ಸಾವಿನ ಸ್ನಾನ ಮುಗಿಸಿದಳು. ಅಳು ಹೊರಗೆ ಕೇಳದಿರಲೆಂದು ನಲ್ಲಿ ಬಿಟ್ಟೇ ಇಟ್ಟಿದ್ದಳು.

ವಾರ್ಡಿಗೆ ತಂದಾಗ ಉದಯನನ್ನು ನೋಡಲಾಗುತ್ತಿರಲಿಲ್ಲ. ಅರ್ಧ ತಲೆ ಬೋಳು. ಎಡಗಡೆಯ ತುಟಿ ಜೋತುಬಿದ್ದಿತ್ತು. ಎಡಗಣ್ಣು ಮುಚ್ಚುತ್ತಿರಲಿಲ್ಲ, ಗಂಟೆಗೊಮ್ಮೆ ಹನಿ ಹಾಕಬೇಕು. ಗಾಯ ಎಡಕ್ಕಿದ್ದದ್ದರಿಂದ ಬಲಕ್ಕೆ ಹೊರಳಿಸಿ ಮಲಗಿಸಿದ್ದರು. ಇದ್ದ ಒಂದು ಕಿವಿಯೂ ದಿಂಬಿನಡಿಗೆ ಸೇರಿತ್ತು. ಅವನು ಆಡಿದ ಮೊದಲ ಮಾತು, "ಅವ್ವನಿಗೆ ಫೋನ್ ಮಾಡು."

ನವ್ಯಾ ಫೋನು ತನ್ನ ಕಿವಿಗೇ ಹಿಡಿದಳು. ಯಾರಿಗೂ ಮಾಡಿರಲಿಲ್ಲ. "ಅತ್ತೆ, ಇವರು ಮಾತಾಡ್ತಾರಂತೆ," ಎಂದು ಗಟ್ಟಿಯಾಗಿ ಹೇಳಿ ಅವನ ಬಾಯಿಯ ಹತ್ತಿರ ತಂದಳು.

"ಅವ್ವಾ," ಎಂದ ಉದಯ, ತೊದಲುತ್ತ. "ಆವತ್ತು ಏನೋ ಹೇಳಿಬಿಟ್ಟೆ. ತಪ್ಪಾಯ್ತು. ನನ್ನ ಮೇಲೆ ಬೇಜಾರು ಉಂಟಾ?"

ನವ್ಯಾ ಫೋನನ್ನು ಮತ್ತೆ ತನ್ನ ಕಿವಿಗೆ ಒತ್ತಿಕೊಂಡಳು. ಮತ್ತೊಂದು ಕೈಯಲ್ಲಿ ಅವನ ಕೈ ಹಿಡಿದು, ಬಾಗಿ, ದಿಂಬು ಒತ್ತಿ ಸರಿಸಿ, ಆ ಬಲಗಿವಿಗೆ ಹೇಳಿದಳು. "ಅವ್ವನಿಗೆ ಬೇಜಾರಿಲ್ಲವಂತೆ. ಬೇಗ ಗುಣ ಆಗಿ ಬಾ ಅಂತಿದ್ದಾರೆ."

ಅವನ ಮುಖದ ಅರ್ಧ ನಕ್ಕಿತು. ಅವತ್ತಿನಿಂದ ದಿನಾ ಅದೇ. ಫೋನು ಕಿವಿಗೆ ಹಿಡಿಯಬಾರದೆಂದು ಡಾಕ್ಟರು ಹೇಳಿದ್ದಾರೆ ಎಂಬ ನೆಪ ಹೇಳಿ ನವ್ಯಾ ತಾನೇ ಹಿಡಿಯುತ್ತಿದ್ದಳು. ಊಟ ಆಯ್ತಾ ಕೇಳು, ಮಾತ್ರೆ ತಗೊಂಡಳಾ ಕೇಳು. ಸತ್ತವಳು ಹತ್ತು ದಿನ ಗಂಜಿ ಉಂಡಳು, ಮಾತ್ರೆ ತಗೊಂಡಳು, ಮಗನ ನಡಿಗೆ ಸುಧಾರಿಸಿತೆಂದು ಕೇಳಿ ಸಂತೋಷಪಟ್ಟಳು. ಗೋಡೆ ಹಿಡಿದು ಹೆಜ್ಜೆ ಹಾಕುವಾಗ ಉದಯ, "ಇದನ್ನೂ ಅವ್ವನಿಗೆ ಹೇಳು," ಎನ್ನುತ್ತಿದ್ದ. ಸುಳ್ಳೇ ಅವನನ್ನು ಎಬ್ಬಿಸಿ ನಡೆಸುತ್ತಿದೆಯೆಂದು ನವ್ಯಾಳಿಗೆ ಅನ್ನಿಸುತ್ತಿತ್ತು. ಪಾಪ, ಅವಳು ಹೊಸದಾಗಿ ಹುಟ್ಟಿಸಿ ಹೇಳಿದ ಸುಳ್ಳೂ ಅಲ್ಲ. ಮುದುಕಿ ಹೇಳಿದ್ದನ್ನೇ ಹೇಳಿದ್ದು, ಹೇಳಿದ ದಿನ ಮಾತ್ರ ಬೇರೆ.

ಹೊಲಿಗೆ ಬಿಚ್ಚಿಸಿ ಮನೆಗೆ ಕರೆತಂದರು. ನವ್ಯಾಳ ಭುಜ ಹಿಡಿದು ಮೆಟ್ಟಿಲು ಹತ್ತಿದ ಉದಯ ಬೇಕಾದ್ದಕ್ಕಿಂತ ದೊಡ್ಡ ಸ್ವರದಲ್ಲಿ "ಅವ್ವಾ" ಎಂದು ಕೂಗಿದ. ಒಳಗಿನಿಂದ ಬಂದವನು ಅಚ್ಚುತ ಚಿಕ್ಕಪ್ಪ. ಉದಯನನ್ನು ಕೂರಿಸಿ, ಬಲಗಡೆ ಕೂತು, ತಲೆ ತಗ್ಗಿಸಿ ಎಲ್ಲ ಹೇಳಿದ. ಸುತ್ತ ನಿಂತವರು ಅವನು ಬೀಳಬಹುದೆಂದು ಕೈ ಚಾಚಿಕೊಂಡೇ ಇದ್ದರು. ಅವನು ಬೀಳಲಿಲ್ಲ.

"ಯಾವತ್ತು?" ಎಂದು ಕೇಳಿದ.

"ಆಪರೇಶನ್ ಆದ ಮರುದಿನ."

ಉದಯ ನವ್ಯಾಳ ಕಡೆ ತಿರುಗಿದ. ಬಲಗಣ್ಣಿನಿಂದ ನೀರು ಇಳಿಯುತ್ತಿತ್ತು. ಎಡಗಣ್ಣು ಒಣಗಿ ಕೆಂಪಾಗಿ ತೆರೆದೇ ಇತ್ತು. "ಹಾಗಾದ್ರೆ ಬೇಜಾರಿಲ್ಲ ಅಂದದ್ದು ಅವ್ವ ಅಲ್ಲ."

"ಅವ್ವನೇ ಹೇಳಿದ್ದು!" ನವ್ಯಾ ಅವನ ಮುಂದೆ ಕೂತುಬಿಟ್ಟಳು. "ಫೋನಲ್ಲಿ ಅಲ್ಲ. ಹೊರಡುವ ದಿನ, ಜೀಪಿನ ಹತ್ತಿರ. ನಿಮ್ಮ ಎಡಕ್ಕೆ ನಿಂತು ಹೇಳಿದ್ರು, ನಿಮಗೆ ಕೇಳ್ಲಿಲ್ಲ. ಎಂತ ಬೇಜಾರೂ ಇಲ್ಲ, ಬೇಗ ಗುಣ ಆಗಿ ಬಾ ಅಂತ. ನಾನು ಕಿವಿಯಾರೆ ಕೇಳಿದ್ದೇನೆ." ಜೀಪಿನವನಿಗೆ ಇಂಜಿನ್ ಸದ್ದಿನಲ್ಲಿ ಏನೂ ಕೇಳಿರಲಿಲ್ಲ. ಹೌದೆನ್ನಲು ಮತ್ತೊಬ್ಬರು ಅಲ್ಲಿ ಇರಲಿಲ್ಲ. ಅವಳು ಅವನ ಎರಡೂ ಕೈ ಹಿಡಿದುಕೊಂಡಳು. "ದೈವದಾಣೆ, ಇದು ಸತ್ಯ."

ಉದಯ ಅವಳ ಕೈಗಳನ್ನು ನೋಡಿದ. ಬಿಡಿಸಿಕೊಳ್ಳಲಿಲ್ಲ, ಸಿಟ್ಟೂ ಮಾಡಲಿಲ್ಲ.

"ಆಸ್ಪತ್ರೆಯಲ್ಲೂ ನೀನು ಕೈ ಹಿಡ್ಕೊಂಡೇ ಹೇಳಿದ್ದು ನವ್ಯಾ," ಎಂದ.